ಅಕ್ಕನ ನೋಟ್‌ಬುಕ್‌ನ ಕೊನೆಯ ಕಾಲಂ: ಮೈಸೂರಿನ ಸೈಟ್ ಏಜೆಂಟರೊಬ್ಬರಿಗೆ ಆನ್‌ಲೈನ್‌ನಲ್ಲಿ ಪಾರ್ಟಿ ಸಿಕ್ಕ ಬಗೆ

2024ರ ದಸರಾ ಮುಗಿದು ವಾರ ಕಳೆದಿತ್ತು. ರಾತ್ರಿ ಒಂಬತ್ತೂವರೆಗೆ ಭಾವ ಫೋನ್ ಮಾಡಿದರು. "ನೀನು ಅಂಗಡಿಗಳಿಗೆಲ್ಲ ಆನ್‌ಲೈನ್ ಜಾಹೀರಾತು ಮಾಡಿಕೊಡ್ತೀಯಲ್ಲ, ನಂದೂ ಒಸಿ ನೋಡಯ್ಯ. ತಿಂಗಳು ತಿಂಗಳು ದುಡ್ಡು ಕಟ್ತಾ ಇದೀನಿ. ಫೋನ್ ಬರ್ತವೆ, ಪಾರ್ಟಿ ಬರಲ್ಲ."

ಫೋನ್ ಬರುವುದಕ್ಕೂ ಪಾರ್ಟಿ, ಅಂದರೆ ನಿಜವಾಗಿ ಕೊಳ್ಳುವವರು, ಬರುವುದಕ್ಕೂ ನಡುವೆ ಏನಿದೆ ಎಂದು ಹುಡುಕುವುದರಲ್ಲೇ ನಮಗೆ ಮುಂದಿನ ಒಂದು ವರ್ಷ ಹೋಯಿತು. ಆ ವರ್ಷದ ಲೆಕ್ಕ ಇಲ್ಲಿದೆ. ಮನೆಯವರ, ಪಾರ್ಟಿಗಳ ಹೆಸರು ಬಿಟ್ಟಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ, ಏಕೆಂದರೆ ಈ ವ್ಯಾಪಾರದಲ್ಲಿರುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಅವೇ.

ಭಾವ ಮೈಸೂರಿನಲ್ಲಿ ಸೈಟು ವ್ಯಾಪಾರ ಮಾಡಿಸಲು ಶುರುಮಾಡಿ ಹತ್ತೊಂಬತ್ತು ವರ್ಷ. ವಿಜಯನಗರ 4ನೇ ಹಂತ, ಬೋಗಾದಿ, ದಟ್ಟಗಳ್ಳಿ, ಇಷ್ಟೇ ಅವರ ಎಲ್ಲೆ. ಈ ಮೂರು ಕಡೆ ಯಾವ ರಸ್ತೆಯಲ್ಲಿ ಮೋರಿ ಕಟ್ಟಿಕೊಳ್ಳುತ್ತದೆ, ಯಾವ ಕಾರ್ನರ್ ಸೈಟಿನ ಮುಂದೆ ಟ್ರಾನ್ಸ್‌ಫಾರ್ಮರ್ ಇದೆ ಎಂದು ಕಣ್ಣುಮುಚ್ಚಿ ಹೇಳುತ್ತಾರೆ. ಮೊದಲೆಲ್ಲ ಪಾರ್ಟಿಗಳು ಬರುತ್ತಿದ್ದದ್ದು ಟೀ ಅಂಗಡಿಯಿಂದ, ಮದುವೆ ಮನೆಯಿಂದ, ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಕೂರುವ ಪತ್ರ ಬರಹಗಾರರಿಂದ. ಕೊಳ್ಳುವವರು ಬ್ಯಾಂಕಿನಿಂದ ನಿವೃತ್ತರಾದವರು, ಮೇಷ್ಟ್ರುಗಳು, ಇಲ್ಲೇ ಬಾಡಿಗೆಗಿದ್ದವರು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಕೊಳ್ಳುವವರು ಇರುವ ಜಾಗವೇ ಬದಲಾಯಿತು. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುತ್ತ, ಮುಂದೊಂದು ದಿನ ಮೈಸೂರಿಗೆ ಬಂದು ನೆಲೆಸೋಣ ಎಂದುಕೊಂಡವರು ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಸೈಟು ಹುಡುಕುತ್ತಾರೆ. ಅವರಿಗೆ ಭಾವನ ಟೀ ಅಂಗಡಿ ಗೊತ್ತಿಲ್ಲ. ಭಾವನಿಗೆ ಅವರು ಯಾರೆಂದು ಗೊತ್ತಿಲ್ಲ.

ಮೊದಲು ಮಾಡಿದ್ದು

ನಾನು ಹೋಗುವ ಹೊತ್ತಿಗೆ ಭಾವ ಮೂರು ಪ್ರಯತ್ನ ಮುಗಿಸಿದ್ದರು.

ಸೈಟು, ಮನೆಗಳ ಜಾಹೀರಾತು ಹಾಕುವ ಒಂದು ಪೋರ್ಟಲ್‌ನ ಪ್ಯಾಕೇಜ್ ತೆಗೆದುಕೊಂಡಿದ್ದರು. ಯಾವುದೆಂಬುದು ಇಲ್ಲಿ ಬೇಡ. ಮೂರು ತಿಂಗಳಲ್ಲಿ 74 ಹೆಸರು ಬಂದಿದ್ದವು. ಫೋನ್ ಮಾಡಿದರೆ ಅರ್ಧದಷ್ಟು ಜನ "ಆಗಲೇ ನಾಲ್ಕು ಜನ ಮಾಡಿದ್ರು" ಎನ್ನುತ್ತಿದ್ದರು. ಒಬ್ಬರೇ ವ್ಯಕ್ತಿ ಹಲವು ಜಾಹೀರಾತು ನೋಡಿ ನಂಬರು ಕೊಟ್ಟಿರುತ್ತಾರೆ, ಎಲ್ಲ ಏಜೆಂಟರೂ ಅವರ ಹಿಂದೆ ಬೀಳುತ್ತಾರೆ. ಹಾಗೆಂದು ಪೋರ್ಟಲ್‌ಗಳೇ ದಂಡ ಎನ್ನಲಾರೆ. ನಮ್ಮ ದೇಶದಲ್ಲಿ ಅವು ಸುಮಾರು ಇಪ್ಪತ್ತು ವರ್ಷ ಹಳೆಯವು. 99ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ ಬಂದವು. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ನೋಬ್ರೋಕರ್ ಅಂತೂ ಬ್ರೋಕರ್ ಬೇಡವೇ ಬೇಡ ಎಂಬ ಮಾತಿನ ಮೇಲೆಯೇ ಬೆಳೆಯಿತು. ಇಲ್ಲಿ ಏಜೆಂಟರು ಯೋಚಿಸಬೇಕಾದ ವಿಷಯವಿದೆ. "ನನ್ನ ಹತ್ತಿರ ಸೈಟಿದೆ" ಎಂಬ ಸುದ್ದಿಗೆ ಈಗ ಬೆಲೆಯಿಲ್ಲ, ಆ ಸುದ್ದಿ ಎಲ್ಲರ ಹತ್ತಿರವೂ ಇದೆ.

ಎರಡನೆಯದು ನಂಬರುಗಳ ಪಟ್ಟಿ. ಯಾರೋ ಹತ್ತು ಸಾವಿರ ಮೊಬೈಲ್ ನಂಬರಿರುವ ಫೈಲು ಮಾರಿದ್ದರು. ಭಾವ ಎರಡು ದಿನ ಕೂತು ವಾಟ್ಸಾಪ್‌ನಲ್ಲಿ ಎಲ್ಲರಿಗೂ ಒಂದೇ ಸಂದೇಶ ಕಳಿಸಿದರು. ಮೂರನೇ ದಿನ ಅವರ ನಂಬರೇ ನಿಷೇಧವಾಯಿತು. ಹದಿನೈದು ವರ್ಷದಿಂದ ಹಳೆಯ ಪಾರ್ಟಿಗಳ ಬಳಿ ಇದ್ದ ನಂಬರದು. ಅರ್ಜಿ ಹಾಕಿ ವಾಪಸ್ ಪಡೆಯಲು ಒಂಬತ್ತು ದಿನ ಬೇಕಾಯಿತು, ಆ ಒಂಬತ್ತು ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಇಂಥ ಪಟ್ಟಿ ಕೊಳ್ಳುವವರು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮವನ್ನೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನೂ ಒಮ್ಮೆ ಓದಬೇಕು. ಒಪ್ಪಿಗೆ ಕೊಡದವರಿಗೆ ಜಾಹೀರಾತಿನ ಕರೆ ಮಾಡಿದರೆ ಅವರು 1909ಕ್ಕೆ ದೂರು ಕೊಡಬಹುದು, ಕರೆ ಮಾಡಿದವರ ಸಂಪರ್ಕವೇ ಕಡಿತವಾಗಬಹುದು.

ಮೂರನೆಯದು ಫೇಸ್‌ಬುಕ್ ಜಾಹೀರಾತು. "ಮೈಸೂರಿನಲ್ಲಿ ಸೈಟುಗಳು ಲಭ್ಯ, ಕರೆ ಮಾಡಿ" ಎಂಬ ಚಿತ್ರ, ಕೆಳಗೊಂದು ಫಾರಂ. ಆ ಫಾರಂನಲ್ಲಿ ಹೆಸರು, ನಂಬರು ಮೊದಲೇ ತುಂಬಿರುತ್ತವೆ, ಬೆರಳು ತಾಗಿಸಿದರೆ ಸಾಕು ಕಳಿಸಿದಂತೆ. ಎಂದೋ ಖಾತೆ ತೆರೆದಾಗ ಕೊಟ್ಟ, ಈಗ ಬಳಕೆಯಲ್ಲಿಲ್ಲದ ನಂಬರುಗಳೇ ಬಹಳ ಬಂದಿದ್ದವು. ಜಾಹೀರಾತು ಇಡೀ ಕರ್ನಾಟಕಕ್ಕೆ, 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಹೋಗುತ್ತಿತ್ತು. ಹದಿನೆಂಟರ ಹುಡುಗ ಬೋಗಾದಿಯಲ್ಲಿ ಸೈಟು ಕೊಳ್ಳುತ್ತಾನೆಯೇ ಎಂದು ಕೇಳಿದೆ. ಭಾವ ಉತ್ತರಿಸಲಿಲ್ಲ, ಕಾಫಿ ಕುಡಿದರು.

ನೋಟ್‌ಬುಕ್

ಅಕ್ಕ ಮದುವೆಗೆ ಮುಂಚೆ ಎರಡು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಮಾಡಿದವಳು. ಕ್ರಯಪತ್ರ, ಇಸಿ (ಆಸ್ತಿಯ ಮೇಲಿನ ವಹಿವಾಟು, ಅಡಮಾನ ತೋರಿಸುವ ಋಣಭಾರ ಪತ್ರ), ಮೂಲಪತ್ರ ಓದಿ ಎಲ್ಲಿ ಕೊಂಡಿ ತಪ್ಪಿದೆ ಎಂದು ಹೇಳಬಲ್ಲಳು. ಬಂದ ಕರೆಗಳನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದವಳೂ ಅವಳೇ. ತಾರೀಖು, ಹೆಸರು, ಊರು, ಬಜೆಟ್ಟು, ಹೀಗೆ ನಾಲ್ಕು ಕಾಲಂ ಇದ್ದವು. "ನಮ್ಮ ಬಗ್ಗೆ ಎಲ್ಲಿ ನೋಡಿದರು" ಎಂಬ ಐದನೆಯದನ್ನು ನಾನು ಸೇರಿಸಲು ಹೇಳಿದೆ. ಆರನೆಯದನ್ನು ಅವಳೇ ಗೆರೆ ಎಳೆದು ಮಾಡಿಕೊಂಡಳು: "ಮೊದಲು ಏನು ಕೇಳಿದರು".

ನನಗೆ ಅದು ಬೇಕಾದದ್ದು ಎನ್ನಿಸಿರಲಿಲ್ಲ. ಆರು ವಾರ ಕಳೆದ ಮೇಲೆ ಒಂದು ಭಾನುವಾರ ಅಕ್ಕ ನೋಟ್‌ಬುಕ್ ನನ್ನ ಮುಂದಿಟ್ಟು ಬೆರಳಿಟ್ಟು ತೋರಿಸಿದಳು. "ನೋಡೋ ಇಲ್ಲಿ. 'ಲಾಸ್ಟ್ ಪ್ರೈಸ್ ಎಷ್ಟು' ಅಂತ ಶುರು ಮಾಡಿದೋರು ಒಬ್ರೂ ಸೈಟ್ ನೋಡಕ್ಕೆ ಬಂದಿಲ್ಲ. 'ಇ-ಖಾತೆ ಆಗಿದ್ಯಾ' ಅಂದೋರು ಹನ್ನೊಂದು ಜನ, ಅದರಲ್ಲಿ ಏಳು ಜನ ಬಂದು ನೋಡಿಕೊಂಡು ಹೋಗಿದಾರೆ."

ಅದಕ್ಕೆ ಕಾರಣವೂ ಎದುರಿಗೇ ಇತ್ತು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಆಸ್ತಿ ಖಾತೆ, ಕಡ್ಡಾಯವಾಗಿತ್ತು. ಕೈಬರಹದ ಖಾತೆ ಇಟ್ಟುಕೊಂಡಿದ್ದ ಮಾಲೀಕರು ಪರದಾಡುತ್ತಿದ್ದರು. ಕೊಳ್ಳುವವರಿಗೆ ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕಿಕೊಂಡರೆ ಎಂಬ ಭಯ. ದುಡ್ಡು ಕೈಯಲ್ಲಿರುವವರೇ ಕಾಗದಪತ್ರದ ಬಗ್ಗೆ ಹೆದರುವುದು, ಬರೀ ಬೆಲೆ ತಿಳಿದುಕೊಳ್ಳುವವರಿಗೆ ಖಾತೆಯ ಚಿಂತೆ ಇರುವುದಿಲ್ಲ. ಬೆಂಗಳೂರಿನಲ್ಲಿ ಕೂತ ಆ ಮನುಷ್ಯ ರಾತ್ರಿ ಮೊಬೈಲ್‌ನಲ್ಲಿ ಹುಡುಕುತ್ತಿರುವುದು ಸೈಟನ್ನಲ್ಲ, ಮೊದಲು ತನ್ನ ಅನುಮಾನಕ್ಕೆ ಉತ್ತರವನ್ನು. ಉತ್ತರ ಎಲ್ಲಿ ಸಿಗುತ್ತದೋ ಅಲ್ಲೇ ನಿಲ್ಲುತ್ತಾನೆ. ಈ ಪ್ರಕರಣದಿಂದ ನಾನು ಕಲಿತದ್ದು ಇದು. ಮುಂದೆ ಮಾಡಿದ್ದೆಲ್ಲ ಈ ಒಂದು ಕಾಲಂನಿಂದ ಹೊರಟದ್ದು.

ಮಾರದ ವಿಡಿಯೋಗಳು

ಮೊದಲ ವಿಡಿಯೋ ಅಕ್ಕನ ಮನೆ ಅಂಗಳದಲ್ಲಿ, ನನ್ನ ಮೊಬೈಲಿನಲ್ಲಿ ಆಯಿತು. ನಾಲ್ಕು ನಿಮಿಷದ್ದು. ಇ-ಖಾತೆ ಕೈಗೆ ಬಂದಾಗ ಏನು ನೋಡಬೇಕು? ಮಾಲೀಕರ ಹೆಸರು ಕ್ರಯಪತ್ರದಲ್ಲಿ ಇದ್ದಂತೆಯೇ ಇದೆಯೇ, ಅಳತೆ ಸರಿಯಿದೆಯೇ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಹೊಂದುತ್ತದೆಯೇ? ಭಾವ ಮಾತಾಡಿದರು. ಮೊದಲ ಎಂಟು ಸಲ ಭಾಷಣ ಮಾಡಿದಂತೆ ಇತ್ತು. ಒಂಬತ್ತನೇ ಸಲ ಅಕ್ಕ ಮೊಬೈಲ್ ಹಿಂದೆ ನಿಂತು "ರೀ, ನನಗೆ ಹೇಳಿ, ನಾನೇ ಸೈಟ್ ತಗೊಳ್ತಾ ಇದೀನಿ ಅಂದ್ಕೊಳಿ" ಎಂದಳು. ಆಗ ಸರಿಯಾಯಿತು. ಆ ವಿಡಿಯೋದಲ್ಲಿ ಸೈಟಿನ ಮಾತೇ ಇಲ್ಲ. ಕೊನೆಗೆ ಹೆಸರು, ಯಾವ ಮೂರು ಬಡಾವಣೆಯಲ್ಲಿ ಕೆಲಸ, ನಂಬರು, ಅಷ್ಟೇ.

ಯೂಟ್ಯೂಬ್‌ಗೆ ಹಾಕುವಾಗ ಶೀರ್ಷಿಕೆಯನ್ನು ಜನ ಕೇಳುವ ಮಾತಿನಲ್ಲೇ ಬರೆದೆವು. ಅಕ್ಕನ ಆರನೇ ಕಾಲಂನಿಂದ ಪ್ರಶ್ನೆಯನ್ನು ಹಾಗೇ ಎತ್ತಿಕೊಂಡೆವು: "ಮೈಸೂರಲ್ಲಿ ಸೈಟ್ ತಗೊಳ್ಳೋಕೆ ಇ-ಖಾತೆ ಬೇಕೇ ಬೇಕಾ?" ದೊಡ್ಡ ದೊಡ್ಡ ಚಾನೆಲ್‌ಗಳು ಇಡೀ ರಾಜ್ಯಕ್ಕೆ ಹೇಳುವ ಮಾತನ್ನು ನಾವು ಮೂರು ಬಡಾವಣೆಗೆ ಹೇಳಿದೆವು. ನೋಡಿದವರ ಸಂಖ್ಯೆ ಮೊದಲ ತಿಂಗಳು ಮುನ್ನೂರು ಮುಟ್ಟಲಿಲ್ಲ. ಭಾವ ಬೇಸರಪಟ್ಟರು. ಆ ಮುನ್ನೂರರೊಳಗೇ ನಾಲ್ಕು ಜನ ಫೋನ್ ಮಾಡಿದ್ದರು. ಅವರ ಮಾತು ಶುರುವಾಗುತ್ತಿದ್ದದ್ದೇ "ಸಾರ್, ನಿಮ್ಮ ವಿಡಿಯೋ ನೋಡಿದೆ" ಎಂದು. ಗುರುತಿನವರ ದನಿ ಅದು. ಪೋರ್ಟಲ್‌ನಿಂದ ಬಂದವರ ಜೊತೆ ಮಾತು ಅಲ್ಲಿಗೆ ಮುಟ್ಟಲು ಎರಡು ವಾರ ಹಿಡಿಯುತ್ತಿತ್ತು.

ಮುಂದಿನ ವಿಡಿಯೋಗಳು ಸಲೀಸಾಗಿ ಬಂದವು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಯುವುದು ಹೇಗೆ. 2004ರ ಏಪ್ರಿಲ್‌ನಿಂದೀಚಿನ ವಹಿವಾಟು ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು ಎಂಬ ಒಂದೇ ಮಾತಿಗೆ ಎಷ್ಟೋ ಜನ ಧನ್ಯವಾದ ಹೇಳಿದರು. 50 ಲಕ್ಷ ಮತ್ತು ಮೇಲ್ಪಟ್ಟ ಸೈಟಿಗೆ ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು ಎಂಬುದು ಮತ್ತೊಂದು. ಇದು ಭಾವನಿಗೂ ಸರಿಯಾಗಿ ಗೊತ್ತಿರಲಿಲ್ಲ, ಆಡಿಟರ್ ಹತ್ತಿರ ಕೂತು ಕೇಳಿಕೊಂಡು ಬಂದು ಹೇಳಿದರು. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಈ ಕೆಲಸವನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮಾಡಿದೆ ಎಂದು ಅವರೇ ನನ್ನ ಹತ್ತಿರ ಹೇಳಿದ್ದುಂಟು.

ಹೆಚ್ಚು ಕರೆ ತಂದದ್ದು 2025ರ ಆಗಸ್ಟ್ ಕೊನೆಯ ವಿಡಿಯೋ. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರುತ್ತದೆಂದು ಆದೇಶ ಬಂತು. ಅದೇ ಸಂಜೆ ಅಕ್ಕ ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟಳು. ಸೈಟಿನ ಬೆಲೆ 60 ಲಕ್ಷ ಎಂದಿಟ್ಟುಕೊಂಡರೆ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 1 ಸೇರಿದರೆ 6.6. ಒಟ್ಟು 3,96,000 ರೂಪಾಯಿ. ಶುಲ್ಕ 2 ಆದರೆ 7.6, ಅಂದರೆ 4,56,000. ಅರವತ್ತು ಸಾವಿರದ ವ್ಯತ್ಯಾಸ. ಅರ್ಜೆಂಟಿನಲ್ಲಿ ವ್ಯಾಪಾರ ಮುಗಿಸಲು ಇದಕ್ಕಿಂತ ಒಳ್ಳೆಯ ಸಮಯ ಏಜೆಂಟರಿಗೆ ಸಿಗುವುದಿಲ್ಲ. ಭಾವ ವಿಡಿಯೋದಲ್ಲಿ ಹೇಳಿದ್ದು ಬೇರೆ: "ಅರವತ್ತು ಸಾವಿರ ಉಳಿಸೋಕೆ ಹೋಗಿ ಅರವತ್ತು ಲಕ್ಷದ ಕಾಗದ ನೋಡದೆ ಸಹಿ ಹಾಕ್ಬೇಡಿ. ಇ-ಖಾತೆ ಕೈಗೆ ಬಂದಿಲ್ಲ ಅಂದ್ರೆ ಬಿಟ್ಬಿಡಿ." ಆ ಮಾತಿನಿಂದ ಆ ವಾರ ಒಂದು ವ್ಯಾಪಾರ ಕೈತಪ್ಪಿತು. ನಂತರದ ಎರಡು ತಿಂಗಳಲ್ಲಿ ಮೂರು ಜನ ಆ ಮಾತನ್ನೇ ನೆನಪಿಸಿಕೊಂಡು ಬಂದರು.

ಸೈಟಿನ ಗುರುತು ಕೊಡುವುದೋ ಬೇಡವೋ

ನನಗೂ ಭಾವನಿಗೂ ನಿಜವಾದ ಜಗಳ ಆದದ್ದು ಇಲ್ಲಿ. ಏಜೆಂಟರು ಆನ್‌ಲೈನ್‌ನಲ್ಲಿ ಸೈಟಿನ ಜಾಗವನ್ನೂ ಬೆಲೆಯನ್ನೂ ಮುಚ್ಚಿಡುತ್ತಾರೆ. ಪಾರ್ಟಿ ನೇರವಾಗಿ ಮಾಲೀಕರನ್ನು ಹಿಡಿದರೆ ಕಮಿಷನ್ ಹೋಯಿತು. ಆ ಭಯ ಸುಳ್ಳಲ್ಲ, ಭಾವನಿಗೇ ಎರಡು ಸಲ ಹಾಗಾಗಿದೆ. ನೋಡುವವರ ಕಡೆಯಿಂದ ಯೋಚಿಸಿ. ಬೆಲೆಯಿಲ್ಲ, ಜಾಗವಿಲ್ಲ, ಹಸಿರು ಗಿಡ ತುಂಬಿದ ಯಾವುದೋ ಖಾಲಿ ಜಾಗದ ಫೋಟೊ, ಅದೇ ಫೋಟೊ ಇನ್ನೂ ಮೂರು ಏಜೆಂಟರ ಜಾಹೀರಾತಿನಲ್ಲಿ. ಯಾರು ನಂಬುತ್ತಾರೆ?

ವಾರಗಟ್ಟಲೆ ಮಾತಾಡಿ ನಡುದಾರಿಯೊಂದು ಮಾಡಿಕೊಂಡೆವು. ಮಾಲೀಕರಿಂದ ಒಂದು ಪುಟದ ಒಪ್ಪಿಗೆ ಪತ್ರ ತೆಗೆದುಕೊಳ್ಳುವುದು: ಎಷ್ಟು ದಿನದವರೆಗೆ ಭಾವ ತೋರಿಸಬಹುದು, ಅವರ ಮೂಲಕ ಬಂದ ಪಾರ್ಟಿಗೆ ಮಾರಿದರೆ ಕಮಿಷನ್ ಎಷ್ಟು. ಪತ್ರ ಕೊಟ್ಟವರ ಸೈಟಿನ ರಸ್ತೆಯವರೆಗೆ ತೋರಿಸುವುದು, ಸೈಟ್ ನಂಬರು ಹೇಳದಿರುವುದು. ಬೆಲೆಯನ್ನು ಇಷ್ಟರಿಂದ ಇಷ್ಟರೊಳಗೆ ಎಂದು ಬರೆಯುವುದು. ಫೋಟೊ ಬದಲು ಮುಖ್ಯರಸ್ತೆಯಿಂದ ಸೈಟಿನ ಬೀದಿಯವರೆಗೆ ಸ್ಕೂಟರ್ ಬಿಟ್ಟು ನಡೆದುಕೊಂಡು ಹೋಗುವ, ಎಲ್ಲೂ ಕತ್ತರಿಸದ ವಿಡಿಯೋ. ರಸ್ತೆಯ ಅಗಲ, ಮೋರಿ, ಕಂಬ, ಪಕ್ಕದ ಮನೆ ಎಲ್ಲ ಕಾಣುತ್ತದೆ. ಹಾಗೆ ನಡೆಯುವಾಗ ಭಾವನ ಬಾಯಿಂದ ಬರುವ "ಇಲ್ಲಿ ಮಳೆಗಾಲದಲ್ಲಿ ಒಂದಡಿ ನೀರು ನಿಲ್ಲತ್ತೆ, ತಳಪಾಯ ಎತ್ತರ ಮಾಡಿಕೋಬೇಕು" ಎಂಬಂಥ ಮಾತುಗಳಿಗೆ ಯಾವ ಜಾಹೀರಾತೂ ಸಮನಲ್ಲ. ಕಾಗದಪತ್ರ ತೋರಿಸುವಾಗ ಮಾಲೀಕರ ಹೆಸರು, ಆಧಾರ್, ಸಹಿ ಎಲ್ಲ ಮರೆಮಾಡುವುದನ್ನು ಅಕ್ಕ ಎಂದೂ ತಪ್ಪಿಸಲಿಲ್ಲ.

ಬೆಲೆ ಬರೆದ ಮೇಲೆ ಕರೆಗಳು ಕಡಿಮೆಯಾದವು, ಸೈಟ್ ನೋಡಲು ಬರುವವರು ಹೆಚ್ಚಾದರು. ಫೇಸ್‌ಬುಕ್ ಫಾರಂನಲ್ಲೂ ಹೀಗೆಯೇ ಆಯಿತು. "ಯಾರಿಗಾಗಿ ನೋಡುತ್ತಿದ್ದೀರಿ? ಮನೆ ಕಟ್ಟಲು ಯಾವಾಗ ಯೋಚನೆ?" ಎಂಬ ಎರಡು ಪ್ರಶ್ನೆಗೆ ಕೈಯಾರೆ ಬರೆದು ಉತ್ತರಿಸಬೇಕು ಎಂದು ಮಾಡಿದೆವು, ಕಳಿಸುವ ಮುಂಚೆ ಮತ್ತೊಮ್ಮೆ ನೋಡಿ ಒಪ್ಪುವ ಪರದೆ ಸೇರಿಸಿದೆವು. ಬರುವ ಹೆಸರುಗಳು ಮೂರರಲ್ಲಿ ಒಂದಕ್ಕೆ ಇಳಿದವು. ಉಳಿದವರು ಫೋನ್ ಎತ್ತಿದರು.

ಹುಡುಕಿದವರಿಗೆ ಕಾಣುವುದು

ಗೂಗಲ್ ನಕ್ಷೆಯಲ್ಲಿ ಭಾವ ಇರಲೇ ಇಲ್ಲ. ಬಿಸಿನೆಸ್ ಪ್ರೊಫೈಲ್ ಮಾಡಿಸಿ, ವಿಡಿಯೋ ಮೂಲಕ ದೃಢೀಕರಣ ಮುಗಿಸಿದೆ. ಹೆಸರಿನ ಜಾಗದಲ್ಲಿ "ಮೈಸೂರು ಬೆಸ್ಟ್ ಸೈಟ್ ಪ್ಲಾಟ್" ಎಂದೆಲ್ಲ ತುರುಕುವವರಿದ್ದಾರೆ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಹೋಗಬಹುದು. ಅಂಗಡಿ ಬೋರ್ಡಿನಲ್ಲಿ ಇದ್ದ ಹೆಸರನ್ನೇ ಹಾಕಿದೆವು. ಹುಡುಕಿದವರಿಗೆ ಯಾರನ್ನು ತೋರಿಸಬೇಕೆಂದು ಗೂಗಲ್ ಮೂರು ವಿಷಯ ನೋಡುತ್ತದೆ: ಕೇಳಿದ್ದಕ್ಕೂ ನಿಮ್ಮ ಕೆಲಸಕ್ಕೂ ಹೊಂದಿಕೆ, ಹತ್ತಿರ ಎಷ್ಟು, ನಿಮ್ಮ ಹೆಸರು ಎಷ್ಟು ಪರಿಚಿತ. ಮೂರನೆಯದಕ್ಕೆ ವಿಮರ್ಶೆಗಳು ಬೇಕು.

ವಿಮರ್ಶೆ ಬರೆದವರಿಗೆ ಮೈಸೂರು ಪಾಕ್ ಕೊಡೋಣ ಎಂದರು ಭಾವ. ಬೇಡ ಎಂದೆ, ಉಡುಗೊರೆ ಕೊಟ್ಟು ವಿಮರ್ಶೆ ಬರೆಸುವುದು ಅಲ್ಲಿ ನಿಷಿದ್ಧ. ಅಕ್ಕ ಹಳೆಯ ಹದಿನಾಲ್ಕು ಪಾರ್ಟಿಗಳಿಗೆ ತಾನೇ ಫೋನ್ ಮಾಡಿ, ಮನೆ ಗೃಹಪ್ರವೇಶ ಆಯಿತಾ, ಮಕ್ಕಳು ಹೇಗಿದ್ದಾರೆ ಎಂದೆಲ್ಲ ವಿಚಾರಿಸಿ ಕೊನೆಗೆ ಕೇಳಿದಳು. ಒಂಬತ್ತು ಜನ ಬರೆದರು. ಒಬ್ಬ ನಿವೃತ್ತ ಮೇಷ್ಟ್ರು ಅಚ್ಚ ಕನ್ನಡದಲ್ಲಿ, ಇಸಿಯಲ್ಲಿ ಇದ್ದ ಅಡಮಾನವನ್ನು ಭಾವ ಹೇಗೆ ಕಂಡುಹಿಡಿದು ಆ ಸೈಟು ಬೇಡ ಎಂದರು ಎಂದು ಉದ್ದಕ್ಕೆ ಬರೆದಿದ್ದರು. ಆಮೇಲೆ ಬಂದ ಎಷ್ಟೋ ಜನ ಆ ವಿಮರ್ಶೆ ಓದಿ ಬಂದವರು.

ಒಂದು ನಕ್ಷತ್ರದ ವಿಮರ್ಶೆಯೂ ಇದೆ. ಜನವರಿಯಲ್ಲಿ ಒಂದು ಸೈಟಿನ ಅಗ್ರಿಮೆಂಟ್ ಆಗಿಹೋಗಿತ್ತು, ಅದರ ವಿಡಿಯೋ ತೆಗೆಯಲು ಮರೆತಿದ್ದೆವು. ಬೆಂಗಳೂರಿನಿಂದ ಗಂಡ, ಹೆಂಡತಿ, ವಯಸ್ಸಾದ ತಾಯಿ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಬಂದೇಬಿಟ್ಟರು. ಹಿಂದಿನ ರಾತ್ರಿ ಅವರು ಕಳಿಸಿದ ಸಂದೇಶವನ್ನು ಭಾವ ನೋಡಿರಲಿಲ್ಲ. ಸೈಟು ಹೋಗಿದೆ ಎಂದಾಗ ಆ ತಾಯಿ ಬಿಸಿಲಲ್ಲಿ ನಿಂತು ಮಗನ ಮುಖ ನೋಡಿದ್ದು ಭಾವನಿಗೆ ಇವತ್ತಿಗೂ ಮರೆತಿಲ್ಲ. ಬೇರೆ ಸೈಟು ತೋರಿಸುತ್ತೇನೆ ಎಂದರೂ ಅವರು ಒಪ್ಪಲಿಲ್ಲ. ಸಂಜೆ ವಿಮರ್ಶೆ ಬಂತು: "ಇಲ್ಲದ ಸೈಟ್ ತೋರಿಸಿ ಕರೆಸ್ತಾರೆ." ಭಾವ ಅದಕ್ಕೆ ಉತ್ತರ ಬರೆದರು: ತಪ್ಪು ನನ್ನದು, ಮಾರಾಟವಾದ ಮೇಲೂ ವಿಡಿಯೋ ತೆಗೆದಿರಲಿಲ್ಲ, ತಾಯಿಯವರಿಗೆ ತೊಂದರೆಯಾಯಿತು, ಕ್ಷಮಿಸಿ. ಅಂದಿನಿಂದ ಟೋಕನ್ ಕೈಗೆ ಬಂದ ಗಳಿಗೆಯಲ್ಲೇ "ಮಾರಾಟವಾಗಿದೆ" ಎಂದು ಹಾಕುವುದು ಅಕ್ಕನ ಕೆಲಸ.

ಆ ಘಟನೆಯಿಂದ ಇನ್ನೊಂದು ಏರ್ಪಾಡೂ ಆಯಿತು. ಭಾವ ದಿನವಿಡೀ ಸ್ಕೂಟರ್ ಮೇಲೆ ಇರುವವರು, ಫೋನ್ ಎತ್ತಲಾಗುವುದಿಲ್ಲ. ಆನ್‌ಲೈನ್‌ನಲ್ಲಿ ವಿಚಾರಿಸಿದವರಿಗೆ ತಡವಾಗಿ ಉತ್ತರಿಸುವುದು ಉತ್ತರಿಸದೆ ಇರುವುದಕ್ಕೆ ಹತ್ತಿರ. 2011ರಲ್ಲಿ ಪ್ರಕಟವಾದ, ಅಮೆರಿಕದ ಕಂಪನಿಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಒಂದು ಗಂಟೆಯೊಳಗೆ ಸಂಪರ್ಕಿಸಿದವರಿಗೆ ಗ್ರಾಹಕರ ಜೊತೆ ಕೆಲಸಕ್ಕೆ ಬರುವ ಮಾತುಕತೆ ಆಗುವ ಸಾಧ್ಯತೆ, ಇನ್ನೊಂದು ಗಂಟೆ ತಡಮಾಡಿದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಈಗ ವಾಟ್ಸಾಪ್ ಬಿಸಿನೆಸ್ ಅಕ್ಕನ ಮೊಬೈಲಿನಲ್ಲಿದೆ. ಬಂದವರಿಗೆ ಅವಳು ಬರೆಯುವುದಿಲ್ಲ, ಧ್ವನಿಸಂದೇಶ ಕಳಿಸುತ್ತಾಳೆ. ಸಿದ್ಧ ಉತ್ತರಗಳನ್ನು ನಾನು ಬರೆದುಕೊಟ್ಟಿದ್ದೆ, ಅವನ್ನು ಅವಳು ಒಂದು ಸಲವೂ ಬಳಸಿಲ್ಲ. ಅವಳು ಮಾಡಿದ್ದೇ ಸರಿ.

ಬಿಟ್ಟದ್ದು

ಚಾನೆಲ್‌ಗೆ ಸ್ವಲ್ಪ ಹೆಸರು ಬಂದ ಮೇಲೆ ಹೊಸ ಲೇಔಟ್ ಮಾಡುತ್ತಿದ್ದ ಒಬ್ಬರು ಮನೆಗೇ ಬಂದರು. ಒಂದು ವಿಡಿಯೋ ಮಾಡಿ, ಪ್ರೀ ಲಾಂಚ್ ದರ ಎಂದು ಹೇಳಿ, ಮಾಮೂಲಿಯ ಎರಡು ಪಟ್ಟು ಕಮಿಷನ್ ಎಂದರು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರು ಕೇಳಿದರೆ "ಅಪ್ಲೈ ಮಾಡಿದೀವಿ, ಬರತ್ತೆ" ಎಂದರು. ಅಕ್ಕನ ಮಗಳ ಕಾಲೇಜು ಫೀಸು ಕಟ್ಟುವ ತಿಂಗಳು ಅದು.

ರೇರಾ ಕಾಯಿದೆ 2016ರದು. 500 ಚದರ ಮೀಟರಿಗಿಂತ ದೊಡ್ಡ ಲೇಔಟನ್ನು ನೋಂದಣಿಯಾಗದೆ ಜಾಹೀರಾತು ಮಾಡುವಂತೆಯೇ ಇಲ್ಲ. ನೋಂದಣಿಯಾಗದ ಯೋಜನೆಯ ಸೈಟನ್ನು ಏಜೆಂಟ್ ಮಾರಿಸುವಂತಿಲ್ಲ, ನೋಂದಣಿಯಾದದ್ದನ್ನು ಮಾರಿಸಲು ಏಜೆಂಟ್ ಕೂಡ ನೋಂದಾಯಿಸಿಕೊಂಡಿರಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಸೈಟಿನ ಬೆಲೆಯ ಶೇ. 5ರವರೆಗೆ ಏರಬಹುದು. ಯೂಟ್ಯೂಬ್ ವಿಡಿಯೋ ಕೂಡ ಜಾಹೀರಾತೇ, ಮೊಬೈಲಿನಲ್ಲಿ ಹಾಕಿದ ಮಾತ್ರಕ್ಕೆ ಕಾನೂನಿನಿಂದ ಹೊರಗಲ್ಲ. ದಂಡದ ಮಾತು ಒಂದು ಕಡೆ ಇರಲಿ. ಕಾಗದ ನೋಡದೆ ಸಹಿ ಹಾಕಬೇಡಿ ಎಂದು ಹೇಳಿದ ಮುಖವೇ ಕಾಗದವಿಲ್ಲದ ಲೇಔಟಿನ ಮುಂದೆ ನಿಂತರೆ ಏನು ಉಳಿಯುತ್ತದೆ? ಭಾವ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಬೇಡ ಎಂದು ಹೇಳಿ ಬಂದರು. ಆಮೇಲೆ ರೇರಾ ಕರ್ನಾಟಕದ ಜಾಲತಾಣದಲ್ಲಿ ಒಂದು ಲೇಔಟಿನ ನೋಂದಣಿ ಇದೆಯೇ ಇಲ್ಲವೇ ಎಂದು ನೋಡುವುದು ಹೇಗೆ ಎಂಬ ವಿಡಿಯೋ ಮಾಡಿದರು. ನಾನು ತುಂಬ ಗೌರವಿಸುವ ವಿಡಿಯೋ ಅದು.

ಡ್ರೋನ್ ಹಾರಿಸಿ ಮಾಡಿಸಿದ ರೀಲ್ಸ್‌ಗೆ ಲೈಕುಗಳು ಬಂದವು, ಪಾರ್ಟಿ ಬರಲಿಲ್ಲ. ಇಂಗ್ಲಿಷ್‌ನಲ್ಲೂ ಮಾಡೋಣ ಎಂದು ಮಾಡಿದ ಎರಡು ವಿಡಿಯೋದಲ್ಲಿ ಭಾವ ಭಾವನಾಗಿ ಉಳಿಯಲಿಲ್ಲ, ತೆಗೆದುಹಾಕಿದೆವು.

ಡಬ್ಲಿನ್‌ನಿಂದ ಬಂದ ಪ್ರಶ್ನೆ

ಒಂದು ವ್ಯಾಪಾರ ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಹುಣಸೂರು ಕಡೆಯ ಹೆಣ್ಣುಮಗಳು, ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೆಲಸ. ಇಸಿ ವಿಡಿಯೋ ನೋಡಿ ಸಂದೇಶ ಕಳಿಸಿದರು. ಸೈಟಿನ ಮಾತಿಲ್ಲ, ಮೂರು ಪ್ರಶ್ನೆ. ಅನಿವಾಸಿಯಾದ ನಾನು ಕೊಳ್ಳಬಹುದೇ? ಊರಿಗೆ ಬರದೆ ಅಪ್ಪನ ಕೈಯಲ್ಲಿ ನೋಂದಣಿ ಮಾಡಿಸಬಹುದೇ? ದುಡ್ಡು ಹೇಗೆ ಕಳಿಸುವುದು?

ಅಕ್ಕ ವಕೀಲರನ್ನು, ಆಡಿಟರನ್ನು ಕೇಳಿ ಮರುದಿನ ಉತ್ತರಿಸಿದಳು. ಬಡಾವಣೆಯ ಸೈಟು ಕೊಳ್ಳಬಹುದು, ಕೃಷಿ ಜಮೀನು ಮತ್ತು ಫಾರ್ಮ್‌ಹೌಸ್ ಆಗದು. ಅಪ್ಪನಿಗೆ ಅಧಿಕಾರಪತ್ರ ಕೊಡಬಹುದು. ಅಲ್ಲಿ ದೃಢೀಕರಿಸಿ ಕಳಿಸಿದ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹಣ ಬ್ಯಾಂಕಿನ ಮೂಲಕವೇ, ಅಲ್ಲಿಂದ ನೇರವಾಗಿ ಇಲ್ಲವೇ ಇಲ್ಲಿನ ಎನ್‌ಆರ್‌ಐ ಖಾತೆಯಿಂದ. ಸೈಟು ಇದೆ ಎಂದು ಅವಳೂ ಹೇಳಲಿಲ್ಲ.

ಹನ್ನೆರಡು ದಿನ ಸುದ್ದಿಯಿಲ್ಲ. ಆಮೇಲೆ ಅವರ ತಂದೆ ಹುಣಸೂರಿನಿಂದ ಬಸ್ಸಿನಲ್ಲಿ ಬಂದರು. ಭಾವ ನಾಲ್ಕು ಸೈಟು ತೋರಿಸಿದರು. ಮೂರನೆಯದರ ಬಗ್ಗೆ "ಇದು ಪೂರ್ವಕ್ಕಿದೆ, ಆದರೆ ಪಕ್ಕದ ಸೈಟಿನ ಮೇಲೆ ಕೋರ್ಟಿನಲ್ಲಿ ಕೇಸಿದೆ, ಬೇಡ" ಎಂದು ತಾವೇ ಹೇಳಿದರು. ಹಿರಿಯರು ಮಗಳಿಗೆ ವಿಡಿಯೋ ಕರೆ ಮಾಡಿ ಹೇಳಿದ್ದು ಸೈಟಿನ ವಿಷಯವನ್ನಲ್ಲ, ಆ ಮಾತನ್ನು. ಒಟ್ಟು ಐದು ತಿಂಗಳು ಹಿಡಿಯಿತು. ನಡುವೆ ಆ ಹೆಣ್ಣುಮಗಳು ಇನ್ನೂ ಇಬ್ಬರು ಏಜೆಂಟರ ಜೊತೆ ಮಾತಾಡಿದರು, ಅದನ್ನು ಮುಚ್ಚಿಡಲೂ ಇಲ್ಲ. 30×40ರ ಸೈಟು ಅಪ್ಪನ ಸಹಿಯಲ್ಲಿ ನೋಂದಣಿಯಾದ ದಿನ ಡಬ್ಲಿನ್‌ನಲ್ಲಿ ಬೆಳಗಿನ ಜಾವ. ಅವರು ಎದ್ದು ಕೂತಿದ್ದರಂತೆ.

2025ರ ದಸರಾ ಹೊತ್ತಿಗೆ ನೋಟ್‌ಬುಕ್ ಪ್ರಕಾರ ವರ್ಷದಲ್ಲಿ ಹನ್ನೊಂದು ವ್ಯಾಪಾರ. ನಾಲ್ಕು ಮಾಮೂಲಿ ಪರಿಚಯದಿಂದ. ವಿಡಿಯೋ ನೋಡಿ ಬಂದವರು ನಾಲ್ವರು, ಗೂಗಲ್ ನಕ್ಷೆಯಿಂದ ಇಬ್ಬರು, ಪೋರ್ಟಲ್‌ನಿಂದ ಒಬ್ಬರು. ಆ ಒಬ್ಬರೂ ಮೊದಲು ಪೋರ್ಟಲ್‌ನಲ್ಲಿ ಭಾವನ ಹೆಸರು ನೋಡಿ, ಆಮೇಲೆ ಯೂಟ್ಯೂಬ್‌ನಲ್ಲಿ ಹುಡುಕಿ, ಮೇಷ್ಟ್ರ ವಿಮರ್ಶೆ ಓದಿ ಫೋನ್ ಮಾಡಿದವರು. ಬಾಡಿಗೆ ಮನೆ ಕೊಡಿಸುವವರಿಗೆ ನಾನು ಈ ದಾರಿ ಹೇಳುವುದಿಲ್ಲ. ಅಲ್ಲಿ ಪಾರ್ಟಿಗೆ ಈ ವಾರವೇ ಮನೆ ಬೇಕು, ಪೋರ್ಟಲ್ ಸಾಕು. ಜೀವಮಾನದ ಉಳಿತಾಯ ಹಾಕುವ ಸೈಟಿನ ವ್ಯಾಪಾರಕ್ಕೆ ಹೇಳುತ್ತೇನೆ.

ಈಗ ಅಕ್ಕನದು ಎರಡನೇ ನೋಟ್‌ಬುಕ್. ಕೊನೆಯ ಕಾಲಂನಲ್ಲಿ ಇ-ಖಾತೆ ಕಡಿಮೆಯಾಗುತ್ತಿದೆ, "ಕಾವೇರಿ ನೀರು ಬರುತ್ತಾ, ಬೋರ್‌ವೆಲ್ಲೇನಾ" ಎಂಬ ಪ್ರಶ್ನೆ ಹೆಚ್ಚುತ್ತಿದೆ. ಮನೆ ಕಟ್ಟಲು ಹೊರಟವರ ಪ್ರಶ್ನೆ ಅದು. ಕಳೆದ ಭಾನುವಾರ ಇಬ್ಬರೂ ಸ್ಕೂಟರ್ ಹತ್ತಿ ಬೋಗಾದಿಯ ಆಚೆಯ ಬೀದಿಗಳಲ್ಲಿ ಮನೆಮನೆ ಬಾಗಿಲು ತಟ್ಟಿ, ವಾರಕ್ಕೆ ಎಷ್ಟು ದಿನ ನೀರು, ಎಷ್ಟು ಹೊತ್ತು, ಟ್ಯಾಂಕರ್ ತರಿಸುತ್ತೀರಾ ಎಂದು ಕೇಳಿಕೊಂಡು ಬಂದರು. ಆರು ಬೀದಿ ಮುಗಿದಿದೆ, ಇನ್ನೂ ಒಂಬತ್ತು ಇದೆ. ಅದು ಮುಗಿದ ಮೇಲೆ ವಿಡಿಯೋ.